ಒಂದೇ ಹೆಸರು, ಹಲವು ಮೆಥಡ್: ಪೈಥಾನ್, ಜೂಲಿಯಾ, ಎಲಿಕ್ಸರ್‌ನಲ್ಲಿ ಮಾಡಿ ನೋಡಿದ್ದು

ನನಗೆ ಬೇಕಿದ್ದದ್ದು ಒಂದು ಚಿಕ್ಕ ಫಂಕ್ಷನ್. ದಿನಾಂಕವನ್ನು ಸ್ಟ್ರಿಂಗ್ ಆಗಿ ಕೊಟ್ಟರೂ ಸರಿ, ಯುನಿಕ್ಸ್ ಸೆಕೆಂಡ್ (1970ರ ಜನವರಿ 1ರ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡ್) ಆಗಿ ಕೊಟ್ಟರೂ ಸರಿ, ಅದು ಕೆಲಸ ಮಾಡಬೇಕು. ಜಾವಾದಲ್ಲಾದರೆ ಒಂದೇ ಹೆಸರಿನಲ್ಲಿ ಎರಡು ಮೆಥಡ್ ಬರೆದರೆ ಮುಗೀತು, ಯಾವುದನ್ನು ಕರೆಯಬೇಕು ಅನ್ನುವುದನ್ನು ಕಂಪೈಲರ್ ನೋಡಿಕೊಳ್ಳುತ್ತದೆ. ಇದಕ್ಕೇ ಓವರ್‌ಲೋಡಿಂಗ್ ಅನ್ನುವುದು. ಪ್ರೋಗ್ರಾಂ ಓಡುವಾಗಲೇ ಟೈಪ್ ಗೊತ್ತಾಗುವ ಭಾಷೆಗಳಲ್ಲಿ ಇದು ಎಷ್ಟು ಹಿತವಾಗಿರುತ್ತದೆ ಅಂತ ನೋಡೋಣ ಅನ್ನಿಸಿತು.

ಪೈಥಾನ್‌ನಲ್ಲಿ ಅದೇ ಹೆಸರಿಗೆ ಇನ್ನೊಂದು ಡೆಫ್ (ಫಂಕ್ಷನ್ ವ್ಯಾಖ್ಯೆ) ಬರೆದರೆ ಹಳೆಯದು ಸುಮ್ನೆ ಅಳಿಸಿಹೋಗುತ್ತದೆ. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಟೈಪಿಂಗ್ ಮಾಡ್ಯೂಲ್‌ನ ಓವರ್‌ಲೋಡ್ ಇದೆಯಲ್ಲ ಅಂದರೆ, ಅದು ಟೈಪ್ ಚೆಕರ್‌ಗಷ್ಟೇ (ಓಡಿಸದೆ ಕೋಡ್‌ನ ಟೈಪ್ ಪರೀಕ್ಷಿಸುವ ಸಾಧನ). ನಿಜವಾಗಿ ಕೆಲಸ ಮಾಡುವುದು 2014ರಲ್ಲಿ 3.4 ಆವೃತ್ತಿಯ ಜೊತೆ ಬಂದ ಸಿಂಗಲ್‌ಡಿಸ್ಪ್ಯಾಚ್, ಅಂದರೆ ಕೊಟ್ಟದ್ದರ ಟೈಪ್ ನೋಡಿ ಸರಿಯಾದ ಫಂಕ್ಷನ್ ಆರಿಸುವ ಸಾಧನ. ಆದರೆ ಅದು ಮೊದಲ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಬಿಟ್ಟು ಬೇರೆ ಯಾವುದನ್ನೂ ನೋಡುವುದಿಲ್ಲ. ಬೇಕೆಂದೇ ದಿನಾಂಕದ ಬದಲು ಟ್ರೂ (ಸರಿ/ತಪ್ಪು ಹೇಳುವ ಬೂಲ್ ಮೌಲ್ಯ) ಕಳಿಸಿ ನೋಡಿದೆ. ಪೈಥಾನ್‌ನಲ್ಲಿ ಬೂಲ್ ಅನ್ನುವುದು ಇಂಟ್‌ನ (ಪೂರ್ಣಾಂಕದ) ಸಬ್‌ಕ್ಲಾಸ್, ಟ್ರೂ ಅಂದರೆ 1, ಹಾಗಾಗಿ ಸಂಖ್ಯೆಯ ಕಡೆಗೇ ಹೋಯಿತು. ಬಂದ ಉತ್ತರ: 1970ರ ಜನವರಿ 1, ಭಾರತದ ಸಮಯ ಬೆಳಗ್ಗೆ 5:30 ದಾಟಿ ಒಂದು ಸೆಕೆಂಡ್!

ಜೂಲಿಯಾದ ಕಥೆಯೇ ಬೇರೆ. ಇಡೀ ಭಾಷೆ ನಿಂತಿರುವುದೇ ಮಲ್ಟಿಪಲ್ ಡಿಸ್ಪ್ಯಾಚ್ ಮೇಲೆ, ಅಂದರೆ ಎಲ್ಲ ಆರ್ಗ್ಯುಮೆಂಟ್‌ಗಳ ಟೈಪ್ ನೋಡಿ ಮೆಥಡ್ ಆರಿಸುವುದು. ಟೈಪನ್ನು ಇಂಟ್ ಅಂತ ಬರೆದಿದ್ದೆ, ಹೊಂದುವ ಮೆಥಡ್ ಇಲ್ಲದೆ ಟ್ರೂ ಬಾಗಿಲಲ್ಲೇ ನಿಂತಿತು. ಎರಡು ಮೆಥಡ್ ಸಮಬಲವಾಗಿ ಹೊಂದಿದರೆ ಅದು ಊಹೆ ಮಾಡುವುದಿಲ್ಲ, ‘ಇದು ಆಂಬಿಗ್ಯುಯಸ್’ (ಅಸ್ಪಷ್ಟ) ಅಂತ ಎರರ್ ಕೊಡುತ್ತದೆ. ಬರೆಯೋಕೆ ಖುಷಿ ಕೊಟ್ಟದ್ದು ಇದೇ.

ಎಲಿಕ್ಸರ್ ಕೂಡ ಚೆನ್ನಾಗಿದೆ. ಕ್ಲಾಝ್‌ಗಳನ್ನು (ಒಂದೇ ಫಂಕ್ಷನ್‌ಗೆ ಬರೆದ ಬೇರೆ ಬೇರೆ ರೂಪಗಳನ್ನು) ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಹೊಂದಿಸಿ ನೋಡುತ್ತದೆ. ಓದುವವರಿಗೂ ಅದೇ ಕ್ರಮ, ತಲೆನೋವು ಕಡಿಮೆ.

ಇಷ್ಟೆಲ್ಲ ಆದಮೇಲೆ ಜಾವಾಸ್ಕ್ರಿಪ್ಟ್‌ನ ಡೇಟ್ ನೆನಪಾಯಿತು. 2024 ಅನ್ನು ಸ್ಟ್ರಿಂಗ್ ಆಗಿ ಕೊಟ್ಟರೆ ಆ ವರ್ಷದ ಜನವರಿ 1. ಅದನ್ನೇ ಸಂಖ್ಯೆಯಾಗಿ ಕೊಟ್ಟರೆ 1970, ಯಾಕಂದರೆ ಅದು 2024 ಮಿಲಿಸೆಕೆಂಡ್. ಆ ಸಂಖ್ಯೆಯ ಜೊತೆಗೆ ಎರಡನೇ ಆರ್ಗ್ಯುಮೆಂಟ್ ಆಗಿ ಸೊನ್ನೆ ಕೊಟ್ಟರೆ ಮತ್ತೆ 2024ರ ಜನವರಿ. ಇದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಸೆಕೆಂಡೋ ಮಿಲಿಸೆಕೆಂಡೋ ಅನ್ನುವುದನ್ನು ಟೈಪ್ ಹೇಳುವುದಿಲ್ಲ, ಅಲ್ವಾ?

ಹಾಗಾಗಿ ನನ್ನ ಪ್ರಕಾರ, ಜೂಲಿಯಾದಂತೆ ಬುನಾದಿಯಲ್ಲೇ ಇದ್ದರೆ ಓವರ್‌ಲೋಡಿಂಗ್ ಬೇಕು. ಪೈಥಾನ್‌ಗೆ ಅದನ್ನು ಮೇಲಿಂದ ಹೊಲಿಯುವುದು ಬೇಡ. ಅಲ್ಲಿ ಫ್ರಮ್‌ಟೈಮ್‌ಸ್ಟ್ಯಾಂಪ್, ಫ್ರಮ್‌ಐಸೋಫಾರ್ಮ್ಯಾಟ್ ಅಂತ ಬೇರೆ ಬೇರೆ ಹೆಸರುಗಳೇ ಇವೆ, ಅವೇ ಸಾಕು. ಕ್ಲಾಝ್ ಹೊಂದಿಸುವ ಸೌಲಭ್ಯ ಕೈಯಲ್ಲೇ ಇದ್ದರೂ ಎಲಿಕ್ಸರ್‌ನ ಡೇಟ್‌ಟೈಮ್ ಕೂಡ ಯುನಿಕ್ಸ್‌ಗೆ ಒಂದು, ಐಎಸ್‌ಒ (ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕ) ಸ್ಟ್ರಿಂಗ್‌ಗೆ ಇನ್ನೊಂದು ಫಂಕ್ಷನ್ ಇಟ್ಟಿದೆ. ಮಿಲಿಸೆಕೆಂಡ್ ಆದರೆ ಹಾಗಂತ ನಾವೇ ಬರೆದು ಹೇಳಬೇಕು.