ಒಲಿಂಪಸ್ 35ಆರ್‌ಡಿಸಿ: ‘ಗುಡ್’ ಅಂದರೆ ಎಷ್ಟು ನಂಬಬಹುದು?

ಬೋಯಿಂಗ್ 787ರ ಕಾರ್ಬನ್ ಫೈಬರ್ ಮೈಗೆ ಲಗೇಜ್ ಲೋಡರ್ ತಗುಲಿದರೆ ಮೇಲೆ ಬರೀ ಗೀರು ಕಾಣಬಹುದು, ಒಳಗೆ ಪದರ ಬಿಟ್ಟುಕೊಂಡಿರಬಹುದು. ಆ ಅನುಮಾನಕ್ಕೇ ಈ ಪುಟ್ಟ ಅಲ್ಟ್ರಾಸಾನಿಕ್ ಯಂತ್ರ. ಪಕ್ಕದ ಕೆಡದ ಜಾಗಕ್ಕೆ ಜೆಲ್ ಹಚ್ಚಿ, ಪ್ರೋಬ್ ಒತ್ತಿ ಕ್ಯಾಲಿಬ್ರೇಟ್ ಮಾಡಿ. ಪೆಟ್ಟು ಬಿದ್ದಲ್ಲಿ ಇಟ್ಟರೆ ‘ಗುಡ್’ ಇಲ್ಲವೇ ‘ಬ್ಯಾಡ್’.

ಎಡವುವುದು ಕ್ಯಾಲಿಬ್ರೇಷನ್‌ನಲ್ಲಿ. ಒಳಗೆ ಸ್ಟ್ರಿಂಗರ್ (ಮೈಗೆ ಬಲ ಕೊಡುವ ಉದ್ದ ಪಟ್ಟಿ) ಇರುವ ದಪ್ಪ ಜಾಗದಲ್ಲಿ ಹೊಂದಿಸಿ ತೆಳು ಜಾಗಕ್ಕೆ ತಂದರೆ, ನೆಟ್ಟಗಿರುವುದೂ ‘ಬ್ಯಾಡ್’ ಆಗುತ್ತದೆ. ಎರಡೂ ಕಡೆ ದಪ್ಪ ಒಂದೇ ಇರಬೇಕು. ಒಳಗೆ ಜೇನುಗೂಡಿನಂಥ ಟೊಳ್ಳು ಪದರವಿರುವ ಹನಿಕೋಂಬ್ ಪ್ಯಾನೆಲ್‌ಗೆ ಇದು ಬೇಡ. ಅಲ್ಲಿ ಟ್ಯಾಪ್ ಹ್ಯಾಮರ್‌ನ ‘ಟಣ್’ (ಗಟ್ಟಿ), ‘ಡಬ್’ (ಪದರ ಬಿಟ್ಟದ್ದು) ವ್ಯತ್ಯಾಸವೇ ವಾಸಿ.

ಗಾಯದ ಅಗಲ, ಆಳ ಇದು ಹೇಳುವುದಿಲ್ಲ. ‘ಬ್ಯಾಡ್’ ಬಂದರೆ ಎನ್‌ಡಿಟಿಯವರು (ಭಾಗ ಕೆಡಿಸದೆ ಪರೀಕ್ಷಿಸುವ ತಜ್ಞರು) ಬಂದು ಅಳೆಯಲೇಬೇಕು. ಬೋಲ್ಟ್ ಹಾಕುವ ತೇಪೆಯೋ, ಸ್ಕಾರ್ಫ್ ಮಾಡಿ (ಗಾಯದ ಸುತ್ತ ಇಳಿಜಾರಾಗಿ ಉಜ್ಜಿ) ಅಂಟಿಸುವುದೋ ಎಂಬುದು ಆಮೇಲೆ, ಎಸ್‌ಆರ್‌ಎಂ (ವಿಮಾನದ ರಚನೆ ರಿಪೇರಿಯ ಕೈಪಿಡಿ) ಮಿತಿ ನೋಡಿ.