ಗಾಳಿಮರದ ಕಾಯಿ ಬಲಿತಿದೆಯೇ: ಬಣ್ಣ, ಸೀಳು, ಬಿಸಿಲು

ಮಲ್ಪೆಯ ಕಡೆಯ ಮರಳ ದಂಡೆಯ ಗಾಳಿಮರಗಳಿಂದ ಬೀಜ ಸಂಗ್ರಹಿಸಿ ಸಸಿ ಬೆಳೆಸಬೇಕೆಂದಿರುವ ಓದುಗರೊಬ್ಬರು, ಕಾಯಿ ಬಲಿತದ್ದನ್ನು ಬಣ್ಣದಿಂದ ತಿಳಿಯಬೇಕೋ, ಸೀಳಿ ನೋಡಬೇಕೋ, ಒಣಗಿಸಿ ನೋಡಬೇಕೋ ಎಂದು ಕೇಳಿದ್ದಾರೆ. (ಈ ಮರ ನೋಟಕ್ಕೆ ಪೈನ್‌ನಂತಿದ್ದರೂ ಹೂ ಬಿಡುವ ಸಸ್ಯಗಳ ಗುಂಪಿನದು.)

ಖರ್ಚಿಲ್ಲದ್ದು ಬಣ್ಣದ ಪರೀಕ್ಷೆ. ಹಸಿರು ಕಾಯಿ ಕಂದು ಬಣ್ಣಕ್ಕೆ ತಿರುಗಿ, ಅದರ ಕೊಕ್ಕಿನಂಥ ಕವಾಟಗಳು ಇನ್ನೂ ಮುಚ್ಚಿರುವಾಗಲೇ ಕೊಯ್ಯಬೇಕು. ತೆರೆದವೆಂದರೆ ರೆಕ್ಕೆಯುಳ್ಳ ಬೀಜಗಳು ಕಡಲ ಗಾಳಿಯ ಪಾಲು. ಆದರೆ ಒಂದೇ ಕೊಂಬೆಯಲ್ಲಿ ಎಳೆಯ ಕಾಯಿಯೂ ಕಳೆದ ಸಲದ ಖಾಲಿ ಕಾಯಿಯೂ ಇರುವುದರಿಂದ, ಹೊಸಬರ ಕಣ್ಣು ಮೋಸಹೋಗುವುದು ಸುಲಭ.

ನಂಬಿಕೆಯ ದೃಷ್ಟಿಯಿಂದ ಸೀಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಬೇರೆ ಬೇರೆ ಮರಗಳ ನಾಲ್ಕಾರು ಕಾಯಿಗಳನ್ನು ಹರಿತವಾದ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿದಾಗ ಬೀಜದೊಳಗೆ ಗಟ್ಟಿಯಾದ ಬಿಳಿ ತಿರುಳು ಕಂಡರೆ ಬಲಿತಿದೆ, ಹಾಲಿನಂತೆ ನೀರಾಗಿದ್ದರೆ ಕಾಯಬೇಕು, ಟೊಳ್ಳಾಗಿದ್ದರೆ ಆ ಮರವನ್ನು ಬಿಡುವುದೇ ಲೇಸು. ಬೀಜ ತೀರಾ ಸಣ್ಣದಾದ್ದರಿಂದ ತಾಳ್ಮೆ ಬೇಕು.

ಒಣಗಿಸುವುದು ನಿಧಾನದ ದಾರಿ: ಒಂದು ಹಿಡಿ ಕಾಯಿಯನ್ನು ಬಟ್ಟೆಯ ಮೇಲೆ ಹರಡಿದರೆ ಒಳ್ಳೆಯ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕವಾಟ ಬಿರಿದು ಬೀಜ ಉದುರುತ್ತದೆ. ಜೂನ್ ಮಳೆ ಹಿಡಿದ ಮೇಲೆ ಇದು ನಡೆಯದು.

ಮನೆಯ ಹತ್ತಿರದ ಎರಡು ಮರಗಳನ್ನು ದಿನವೂ ನೋಡುವವರಿಗೆ ಬಣ್ಣ ಸಾಕು. ಕೂಲಿ ಕೊಟ್ಟು ಸಾಲುಮರ ಹತ್ತಿಸುವವರು ಮೊದಲು ಸೀಳಿ ನೋಡಲಿ. ಬಿಡುವಿದ್ದವರು ಒಣಗಿಸಲಿ, ಆದರೆ ಇರುವೆಗಳು ಈ ಬೀಜವನ್ನು ಹೊತ್ತೊಯ್ಯುತ್ತವೆಯಾದ್ದರಿಂದ ಬಟ್ಟೆಯ ಸುತ್ತ ಕಾವಲಿರಲಿ.