ಚಿರೆಕಲ್ಲಿನ ಗೋಡೆ ದಾಟುವ ಪಿರಮಿಡ್ ಜೋಡಿ: ಮೂರು ಮಳೆಗಾಲ ಬಳಸಿದ ಮೇಲೆ

ಸೆಟ್‌ಟಾಪ್ ಬಾಕ್ಸ್ ಒಳಕೋಣೆಯಲ್ಲಿ, ಎರಡನೇ ಟಿವಿ ಜಗಲಿಯಲ್ಲಿ, ನಡುವೆ ಎರಡು ಚಿರೆಕಲ್ಲಿನ ಗೋಡೆ. ಮಾಮೂಲಿ ರಿಮೋಟ್‌ನ ಇನ್‌ಫ್ರಾರೆಡ್ ಬೆಳಕು ಇಲ್ಲಿ ಕೆಲಸಕ್ಕೆ ಬಾರದು. ಅದಕ್ಕಿರುವ ಮದ್ದು 433 ಮೆಗಾಹರ್ಟ್ಸ್ ರೇಡಿಯೋದ ಪಿರಮಿಡ್ ಜೋಡಿ, ಅಂದರೆ ಪಿರಮಿಡ್ ಆಕಾರದ ಎರಡು ಪುಟ್ಟ ಪೆಟ್ಟಿಗೆ. ಜಗಲಿಯ ಪಿರಮಿಡ್ ರಿಮೋಟ್‌ನ ಬೆಳಕು ಹಿಡಿದು ರೇಡಿಯೋ ಅಲೆಯಾಗಿ ಕಳಿಸುತ್ತದೆ, ಒಳಗಿನ ಪಿರಮಿಡ್ ಅದನ್ನು ಮತ್ತೆ ಇನ್‌ಫ್ರಾರೆಡ್ ಮಾಡಿ ಬಾಕ್ಸ್‌ನ ಕಣ್ಣಿಗೆ ಹೊಡೆಯುತ್ತದೆ. ರಿಮೋಟ್ ಹಳೆಯದೇ ಸಾಕು. ಚಿತ್ರ ಒಯ್ಯುವ ಕೇಬಲ್ ಮಾತ್ರ ಬೇರೆ ಎಳೆಯಬೇಕು. ಒಂದು ಜೋಡಿ ಕಾರವಾರದ ಸಮುದ್ರದ ಮಗ್ಗುಲ ಮನೆಯಲ್ಲಿದೆ, ಇನ್ನೊಂದು ಶಿರಸಿ ಕಡೆಯ ತೋಟದ ಮನೆಯಲ್ಲಿ. ಎರಡೂ ಮೂರು ಮಳೆಗಾಲ ಕಂಡಿವೆ.

ಇದರ ಬೆಲೆ ಗೊತ್ತಾಗುವುದು ಕೊನೆಕೊಯ್ಲಿನ ದಿನಗಳಲ್ಲಿ. ರಾತ್ರಿ ಜಗಲಿಯಲ್ಲಿ ಹಸಿ ಅಡಿಕೆ ಸುಲಿಯಲು ಸಾಲಾಗಿ ಕೂತವರು ಒಬ್ಬರು ಎದ್ದರೂ ಕೆಲಸದ ಓಟ ತಪ್ಪುತ್ತದೆ. ರಿಮೋಟ್‌ಗೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಚೊಗರು ಹತ್ತಿದ ಬೆರಳಲ್ಲೇ ಒತ್ತಬಹುದು. ಆ ಪ್ಲಾಸ್ಟಿಕ್ ಬೆಳಕನ್ನು ತಡೆಯುವುದಿಲ್ಲ. ಪಿರಮಿಡನ್ನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿಡಿ. ಗೋಡೆಯ ಗೂಡಿನಲ್ಲಿ ಇಡುವುದಾದರೆ ಅಂಚಿಗೇ ತನ್ನಿ, ಒಳಗೆ ತಳ್ಳಿದರೆ ಬದಿಯಲ್ಲಿ ಕೂತವರ ರಿಮೋಟ್ ಅದಕ್ಕೆ ಕಾಣುವುದಿಲ್ಲ. ಹೀಗೆ ಇಟ್ಟ ಮೇಲೆ ಯಾರು ಎಲ್ಲಿಂದ ಒತ್ತಿದರೂ ಒಳಗೆ ಚಾನಲ್ ಬದಲಾಗುತ್ತದೆ. ಅದು ನಿಜಕ್ಕೂ ಸುಖ.

ಗೋಡೆಯ ವಿಚಾರದಲ್ಲಿ 433 ನಂಬಿಗಸ್ತ. ಅದರ ಅಲೆಯ ಉದ್ದ 69 ಸೆಂಟಿಮೀಟರ್, ವೈಫೈ ಓಡುವ 2.4 ಗಿಗಾಹರ್ಟ್ಸ್‌ನದು ಬರೀ 12.5. ಆಷಾಢದಲ್ಲಿ ನೀರು ಕುಡಿದ ಚಿರೆಕಲ್ಲು ವೈಫೈಯನ್ನು ನುಂಗಿದಷ್ಟು ಇದನ್ನು ನುಂಗುವುದಿಲ್ಲ.

ಆದರೆ ಮಳೆಗಾಲದಲ್ಲೇ ಇನ್ನೊಂದು ಕಾಟ ಶುರು, ತಲೆ ಕೆಡಿಸುವಂಥದ್ದು. ಮಧ್ಯಾಹ್ನ ಸರಿಯಿದ್ದದ್ದು ಸಂಜೆಗೆ ಸತ್ತುಹೋಗುತ್ತದೆ. ಒಳಕೋಣೆಯಲ್ಲಿ ಬಾಕ್ಸ್ ಎದುರೇ ನಿಂತು ಒತ್ತಿದರೂ ರಿಮೋಟ್ ನಡೆಯುವುದಿಲ್ಲ. ಬ್ಯಾಟರಿ ಬದಲಿಸುತ್ತಾರೆ, ಬಾಕ್ಸ್ ಹಾಳಾಯಿತೆಂದು ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ತಪ್ಪಿತಸ್ಥ ಜಗಲಿಯ ದೀಪ. ಸಿಎಫ್‌ಎಲ್ ಬಲ್ಬಿನೊಳಗಿನ ಸರ್ಕ್ಯೂಟ್ ಓಡುವುದು 30ರಿಂದ 50 ಕಿಲೋಹರ್ಟ್ಸ್ ಸುಮಾರಿಗೆ. ಹೆಚ್ಚಿನ ರಿಮೋಟ್‌ಗಳ ಬೆಳಕು ಮಿನುಗುವುದು 38 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಅದರ ನಡುವೆಯೇ. ಮೋಡ ಕವಿದು ನಾಲ್ಕಕ್ಕೇ ದೀಪ ಹಚ್ಚಿದರೆ ಪಿರಮಿಡ್ ಆ ಬೆಳಕನ್ನೇ ರಿಮೋಟ್ ಎಂದುಕೊಂಡು ಎಡೆಬಿಡದೆ ಕಳಿಸುತ್ತಿರುತ್ತದೆ. ಒಳಗಿನ ಪಿರಮಿಡ್ ಬಾಕ್ಸ್‌ನ ಕಣ್ಣಿಗೆ ಮಿಣಮಿಣ ಹೊಡೆಯುತ್ತಲೇ ಇರುವುದರಿಂದ ನಿಜವಾದ ಆಜ್ಞೆ ಆ ಗದ್ದಲದಲ್ಲಿ ಮುಳುಗುತ್ತದೆ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಕೊಂಡವರಿಗೆ ಮಾಡಿದ ಅನ್ಯಾಯ ಇದು.

ಪತ್ತೆ ಹೀಗೆ. ಫೋನಿನ ಮುಂಬದಿ ಕ್ಯಾಮೆರಾ ತೆರೆದು ಒಳಗಿನ ಪಿರಮಿಡ್‌ಗೆ ಹಿಡಿಯಿರಿ; ಹಿಂಬದಿಯದಕ್ಕೆ ಹಲವು ಫೋನ್‌ಗಳಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇರುತ್ತದೆ. ಯಾರೂ ರಿಮೋಟ್ ಒತ್ತದಿದ್ದಾಗಲೂ ನೇರಳೆ-ಬಿಳಿ ಬೆಳಕು ಮಿನುಗುತ್ತಿದ್ದರೆ ಗದ್ದಲ ಇದೆ. ಈಗ ಜಗಲಿಯ ಪಿರಮಿಡ್ ಮೇಲೆ ದಪ್ಪ ಬಟ್ಟೆ ಮುಚ್ಚಿ. ಮಿನುಗು ನಿಂತರೆ ತಪ್ಪು ದೀಪದ್ದು, ಇಲ್ಲವೇ ಟಿವಿ ಪರದೆಯದ್ದು: ಪಿರಮಿಡನ್ನು ಟಿವಿಯಿಂದ ಒಂದು ಮೀಟರ್ ದೂರ ಸರಿಸಿ, ದೀಪಕ್ಕೆ ಬೆನ್ನು ಮಾಡಿ ಇಡಿ, ಸಾಧ್ಯವಾದರೆ ಸಿಎಫ್‌ಎಲ್ ತೆಗೆದು ಒಳ್ಳೆಯ ಎಲ್‌ಇಡಿ ಹಾಕಿ. ಮುಚ್ಚಿದರೂ ನಿಲ್ಲದಿದ್ದರೆ ಜಗಲಿಯ ಅಡಾಪ್ಟರ್ ಕಿತ್ತು ನೋಡಿ. ಆಗಲೂ ಮಿನುಗಿದರೆ ಗದ್ದಲ ಒಳಗಿನ ಪಿರಮಿಡ್‌ನ ಪಕ್ಕದಲ್ಲೇ ಇದೆ. ಹೆಚ್ಚಿನ ಸಲ ಅದು ಬಾಕ್ಸ್‌ನದೇ ಅಡಾಪ್ಟರ್. ಅರ್ಧ ಮೀಟರ್ ದೂರ ಇಟ್ಟರೆ ಸಾಕು. ಈ ಸರದಿ ತಿಳಿದ ಮೇಲೆ ಈ ಜೋಡಿಯ ಮೇಲಿನ ಸಿಟ್ಟು ಮುಕ್ಕಾಲು ಪಾಲು ಇಳಿಯುತ್ತದೆ.

ಉಳಿದ ಕಾಲು ಪಾಲು ಕಾರವಾರದ ಉಪ್ಪುಗಾಳಿಯದು. ಎಳೆದು ಉದ್ದ ಮಾಡುವ ಆಂಟೆನಾದ ಗೆಣ್ಣುಗಳಲ್ಲಿ ಎರಡನೇ ಮಳೆಗಾಲಕ್ಕೆ ಹಸಿರು ಕಿಲುಬು ಕೂರುತ್ತದೆ. ನೋಡಲು ಆಂಟೆನಾ ನೆಟ್ಟಗಿರುತ್ತದೆ, ಒಳಗೆ ಒಂದು ಗೆಣ್ಣಿಗೂ ಇನ್ನೊಂದಕ್ಕೂ ಸಂಪರ್ಕವೇ ಇರುವುದಿಲ್ಲ. ಎರಡು ಗೋಡೆ ದಾಟುತ್ತಿದ್ದದ್ದು ಒಂದೇ ಕೋಣೆಗೆ ಇಳಿಯುತ್ತದೆ. ಉಜ್ಜಿ ತೊಳೆದರೆ ಕೆಲವು ವಾರ ನಡೆಯುತ್ತದೆ ಅಷ್ಟೇ. ಆಂಟೆನಾ ಕಿತ್ತು, ಅದರ ಬೆಸುಗೆಯ ಜಾಗಕ್ಕೆ ಮನೆ ವೈರಿಂಗ್‌ನಲ್ಲಿ ಉಳಿದ ತಾಮ್ರದ ವೈರ್ 17.3 ಸೆಂಟಿಮೀಟರ್ ಕತ್ತರಿಸಿ ಬೆಸೆಯುವುದೇ ಖಾಯಂ ಪರಿಹಾರ. ಆ ಅಳತೆ ಅಲೆಯ ಕಾಲು ಭಾಗ, ಅಂದಾಜಿಗೆ ಬಿಡಬೇಡಿ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿಯಬೇಡಿ, ಉಪ್ಪನ್ನು ತಡೆಯುವುದೇ ಅದು. ಬೆಸುಗೆ ಹಾಕಲು ಆರು ಮಿಲಿಮೀಟರ್ ಮಾತ್ರ ಬಿಡಿಸಿ (ಅದೂ 17.3ರ ಲೆಕ್ಕದೊಳಗೇ), ಬೆಸುಗೆಯ ಮೇಲೂ ತುದಿಗೂ ಒಂದೊಂದು ಹನಿ ಅಂಟು. ಎರಡೂ ಪಿರಮಿಡ್‌ಗಳ ವೈರ್ ನೆಟ್ಟಗೆ ಮೇಲ್ಮುಖವಾಗಿರಲಿ. ಒಂದು ನಿಂತು ಇನ್ನೊಂದು ಮಲಗಿದ್ದರೆ ಸಿಗ್ನಲ್ ಸೊರಗುತ್ತದೆ. ಶಿರಸಿಯ ಜೋಡಿಗೆ ಬೂಸರು ಹಿಡಿದರೂ ಆಂಟೆನಾ ಇನ್ನೂ ಗಟ್ಟಿಯಾಗಿದೆ.

ಒಳಗಿನ ಪಿರಮಿಡ್ ಜೊತೆಗೆ ಬರುವ, ವೈರ್ ತುದಿಯಿಂದ ಇನ್‌ಫ್ರಾರೆಡ್ ಹೊಡೆಯುವ ಪುಟ್ಟ ಕಣ್ಣನ್ನು ಖಂಡಿತ ಬಳಸಿ. ಬಾಕ್ಸ್‌ನ ಕಪ್ಪು ಪಟ್ಟಿಗೆ ಟಾರ್ಚ್ ಓರೆಯಾಗಿ ಬಿಟ್ಟರೆ ಒಳಗಿನ ಸೆನ್ಸರ್‌ನ ಉಬ್ಬು ಕಾಣುತ್ತದೆ. ಆ ಜಾಗ ಸ್ಪಿರಿಟ್‌ನಲ್ಲಿ ಒರೆಸಿ, ಸೆನ್ಸರ್‌ನ ಕೆಳ ಅರ್ಧಕ್ಕೆ ಮಾತ್ರ ಕಣ್ಣು ಅಂಟಿಸಿ. ಪೂರ್ತಿ ಮುಚ್ಚಿದರೆ ಒಳಕೋಣೆಯವರ ರಿಮೋಟ್ ನಡೆಯದು. ಜೊತೆಗೆ ಕೊಟ್ಟ ಅಂಟುಪಟ್ಟಿ ಈ ತೇವದಲ್ಲಿ ನಿಲ್ಲುವುದಿಲ್ಲ, ಫೋಮ್ ಇರುವ ಡಬಲ್ ಟೇಪ್ ತನ್ನಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ. ನಿಮ್ಮ ರಿಮೋಟನ್ನು ಫೋನಿನ ಮುಂಬದಿ ಕ್ಯಾಮೆರಾಕ್ಕೆ ಹಿಡಿದು ಬಾಣದ ಗುಂಡಿ ಒತ್ತಿ. ಬೆಳಕು ಕಾಣದಿದ್ದರೆ ಅದು ಹೆಚ್ಚಾಗಿ ಬ್ಲೂಟೂತ್ ರಿಮೋಟ್, ಹಾಗಿದ್ದರೆ ಈ ಜೋಡಿ ನಿಮಗೆ ದಂಡ. ಅಂಥ ರಿಮೋಟ್‌ಗಳಲ್ಲೂ ಟಿವಿಯ ಪವರ್, ವಾಲ್ಯೂಮ್ ಗುಂಡಿಗಳು ಇನ್‌ಫ್ರಾರೆಡ್ ಆಗಿರುವುದುಂಟು, ಅವನ್ನು ಒತ್ತಿ ಮೋಸಹೋಗಬೇಡಿ. ಬೆಳಕು ಕಂಡರೂ ಕೆಲವು ಬಾಕ್ಸ್‌ಗಳು 38ರ ಬದಲು 56 ಕಿಲೋಹರ್ಟ್ಸ್ ಬಳಸುತ್ತವೆ. ಅವುಗಳಿಗೆ ಪಿರಮಿಡ್ ಹತ್ತಿರದಿಂದ ಒತ್ತಿದರಷ್ಟೇ ಸ್ಪಂದಿಸುತ್ತದೆ, ಇಲ್ಲವೇ ಸ್ಪಂದಿಸುವುದೇ ಇಲ್ಲ. ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ.

ಎರಡನೇ ಸೆಟ್‌ಟಾಪ್ ಬಾಕ್ಸ್ ಹಾಕಿಸಿದರೆ ಪ್ರತಿ ತಿಂಗಳೂ ಹಣ. ಇದಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು, ಜೊತೆಗೆ ಒಂದು ಗೇಣು ವೈರ್. ಎರಡೂ ಕಡೆ ಒಂದೇ ಚಾನಲ್ ನೋಡುವ ಮನೆಗೆ ಇದನ್ನು ಧೈರ್ಯವಾಗಿ ಹೇಳಬಹುದು. ಎರಡೂ ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲಿರಲಿ, ಒಂದಕ್ಕೆ ಕರೆಂಟ್ ಹೋದರೂ ಜೋಡಿ ನಿಲ್ಲುತ್ತದೆ. ಗುಡುಗು ಶುರುವಾಗುವ ಮೊದಲೇ ಎರಡನ್ನೂ ಪ್ಲಗ್‌ನಿಂದ ಕಿತ್ತು, ಬಾಕ್ಸ್‌ನ ಹಿಂದಿನ ಡಿಶ್ ಕೇಬಲನ್ನೂ ಬಿಚ್ಚಿಡಿ.